ಚಲನೆಯೂ ನೋಟದ ನೆಲೆಯೂ

ನಮ್ಮ ಶಾಲೆಯಲ್ಲಿ ಭೌತಶಾಸ್ತ್ರದ ಪಾಠವು ಸಾಪೇಕ್ಷ ಚಲನೆಯ ಅಧ್ಯಾಯಕ್ಕೆ ಬಂದಾಗಲೆಲ್ಲ ಒಂದು ಪ್ರಶ್ನೆಯು ತಪ್ಪದೆ ಏಳುವುದುಂಟು. ಕೆಲವು ಸಾರಿ ಹುಡುಗಿಯರು ಅದನ್ನು ತರಗತಿಯಲ್ಲಿಯೇ ಕೇಳುತ್ತಾರೆ. ಹೆಚ್ಚಾಗಿ ಅದು ಅವರ ಮನೆಗಳಿಂದ ಬರುತ್ತದೆ. "ಯಾವ ಚಲನೆಯನ್ನೇ ಆಗಲಿ ಮತ್ತೊಂದು ವಸ್ತುವಿಗೆ ಹೋಲಿಸಿಯೇ ಹೇಳತಕ್ಕದ್ದೆಂದು ನೀವು ಕಲಿಸುತ್ತೀರಿ. ಹಾಗಾದರೆ ಭೂಮಿಯು ಸೂರ್ಯನನ್ನು ಸುತ್ತುತ್ತದೆ ಎಂದರೂ, ಸೂರ್ಯನು ಭೂಮಿಯನ್ನು ಸುತ್ತುತ್ತಾನೆ ಎಂದರೂ ಒಂದೇ ಆಯಿತಲ್ಲವೇ? ಎರಡನೆಯದನ್ನು ಬರೆದ ಹುಡುಗಿಗೆ ಸೊನ್ನೆಯನ್ನು ಕೊಡುವುದೇಕೆ?" ಎಂಬುದೇ ಆ ಪ್ರಶ್ನೆ.

ಇದು ಬುದ್ಧಿವಂತರು ಕೇಳತಕ್ಕ ಪ್ರಶ್ನೆಯೇ ಸರಿ. ಇದನ್ನು ಕೇಳುವ ತಾಯಿತಂದೆಗಳಲ್ಲಿ ಎರಡು ಬಗೆಯವರಿದ್ದಾರೆ. ಕೆಲವರಿಗೆ, ಶಾಲೆಯ ಪಾಠವು ಸತ್ಯವೇದದ ಮಾತಿಗೆ ಅಡ್ಡಬರುವುದೋ ಎಂಬ ಅಂಜಿಕೆ. ಬೇರೆ ಕೆಲವರಿಗೆ, ಮಕ್ಕಳು "ಎಲ್ಲವೂ ಸಾಪೇಕ್ಷ" ಎಂಬ ಮಾತನ್ನು ಕಲಿತು ಬಂದು, ಸತ್ಯವೂ ಅವರವರ ಇಷ್ಟದಂತೆಯೇ ಎಂದು ವಾದಕ್ಕೆ ನಿಲ್ಲುವರಲ್ಲಾ ಎಂಬ ಚಿಂತೆ. ಪೋಷಕರ ಸಭೆಯಲ್ಲಿ ಐದು ನಿಮಿಷಗಳಲ್ಲಿ ಹೇಳಿ ಮುಗಿಸುವ ಸಂಗತಿಯಿದಲ್ಲ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ತುಸು ವಿಸ್ತಾರವಾಗಿ ಬರೆಯಲು ಯತ್ನಿಸುತ್ತೇವೆ. ಗಣಿತವನ್ನು ಹೆಚ್ಚಾಗಿ ತರುವುದಿಲ್ಲ; ಶಾಲೆಯನ್ನು ಬಿಟ್ಟು ಬಹುಕಾಲವಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಹೆದರಬೇಕಾಗಿಲ್ಲ.

ರೈಲು ನಿಲ್ದಾಣದಲ್ಲಿ ಗಾಡಿಯೊಳಗೆ ಕುಳಿತು ಹೊರಡುವ ಹೊತ್ತನ್ನು ಕಾಯುತ್ತಿರುವಾಗ ಪಕ್ಕದ ಹಳಿಯ ಮೇಲಿನ ಗಾಡಿಯು ಮೆಲ್ಲಗೆ ಸರಿಯತೊಡಗಿದರೆ, ನಮ್ಮ ಗಾಡಿಯೇ ಹೊರಟಿತೆಂದು ಭಾವಿಸದವರು ಯಾರಿದ್ದಾರೆ? ಆಚೆಯ ಕಂಬವನ್ನೋ, ಪ್ಲಾಟ್‌ಫಾರಮ್ಮಿನ ಮೇಲೆ ಹಣ್ಣು ಮಾರುವವನನ್ನೋ ನೋಡಿದ ಮೇಲೆಯೇ ಸಂದೇಹವು ತೀರುವುದು. ಇಂತಹ ಸಮಯದಲ್ಲಿ ಕಣ್ಣು ಮೋಸ ಮಾಡಿತೆನ್ನುವುದು ವಾಡಿಕೆ. ಕಣ್ಣಿನ ಮೇಲೆ ಈ ಅಪವಾದವು ಅನ್ಯಾಯವೆಂದು ನಮ್ಮ ಅಭಿಪ್ರಾಯ. ಎರಡು ಗಾಡಿಗಳ ನಡುವಣ ಸ್ಥಾನವು ಬದಲಾಗುತ್ತಿದೆ ಎಂದು ಮಾತ್ರ ಕಣ್ಣು ತಿಳಿಸಿತು. ಅದು ಪೂರ್ಣವಾಗಿ ನಿಜ. ನೆಲಕ್ಕೆ ಹೋಲಿಸಿದರೆ ಯಾವ ಗಾಡಿಯು ಚಲಿಸುತ್ತಿದೆ ಎಂಬುದು ಬೇರೆಯೇ ಒಂದು ಪ್ರಶ್ನೆ. ಅದರ ಉತ್ತರಕ್ಕೆ ನೆಲವನ್ನು ನೋಡಲೇಬೇಕು.

ಯಾವುದಕ್ಕೆ ಹೋಲಿಸಿ ದೂರವನ್ನೂ ದಿಕ್ಕನ್ನೂ ವೇಗವನ್ನೂ ಅಳೆಯುತ್ತೇವೋ, ಅದಕ್ಕೆ ಪಾಠಪುಸ್ತಕಗಳಲ್ಲಿ ನಿರ್ದೇಶನ ಚೌಕಟ್ಟು ಎಂಬ ಹೆಸರುಂಟು. ಈ ಲೇಖನದಲ್ಲಿ ಸುಲಭವಾಗಿರಲೆಂದು ಅದನ್ನು ಬರಿದೇ "ನೆಲೆ" ಎಂದು ಕರೆಯುವೆವು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಗಾಡಿಯಲ್ಲಿ ತಾಯಿಯೊಬ್ಬಳು ಮಗುವಿಗೆ ಅನ್ನ ತಿನ್ನಿಸುತ್ತಿರುವಳೆಂದು ಭಾವಿಸೋಣ. ಗಾಡಿಯ ನೆಲೆಯಿಂದ ಆಕೆಯ ವೇಗವು ಸೊನ್ನೆ. ಹಾಗಿಲ್ಲದಿದ್ದರೆ ತುತ್ತು ಮಗುವಿನ ಬಾಯಿಗೆ ಸೇರುತ್ತಿರಲಿಲ್ಲ. ಗದ್ದೆಯ ಬದುವಿನ ಮೇಲೆ ನಿಂತವನ ನೆಲೆಯಿಂದ ಆಕೆಯೂ ಮಗುವೂ ತುತ್ತೂ ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಓಡುತ್ತಿವೆ. ಅದೇ ಗಾಡಿಯಲ್ಲಿ ಒಬ್ಬನು ಗಂಟೆಗೆ ೪ ಕಿಲೋಮೀಟರಿನಂತೆ ಎಂಜಿನ್ನಿನ ಕಡೆಗೆ ನಡೆದರೆ ನೆಲದಿಂದ ಅವನ ವೇಗವು ೬೪. ಹಿಂದಕ್ಕೆ ನಡೆದರೆ ೫೬. ಎದುರಿನಿಂದ ಗಂಟೆಗೆ ೫೦ ಕಿಲೋಮೀಟರು ವೇಗದ ಮತ್ತೊಂದು ಗಾಡಿಯು ಬಂದರೆ ಅದು ೧೧೦ರ ವೇಗದಿಂದ ನಮ್ಮನ್ನು ದಾಟಿಹೋಗುವುದು. ಅದೇ ಗಾಡಿಯು ನಮ್ಮ ದಿಕ್ಕಿನಲ್ಲಿಯೇ ಹೋಗುತ್ತಿದ್ದರೆ ಗಂಟೆಗೆ ಹತ್ತರಂತೆ ಮಾತ್ರ ಹಿಂದೆ ಬೀಳುವುದು.

"ಚಲಿಸುತ್ತದೆ" ಎಂಬ ಮಾತು "ಅಕ್ಕ" ಎಂಬ ಮಾತಿನಂತಹುದು. ಒಬ್ಬ ಹುಡುಗಿಯನ್ನು ತೋರಿಸಿ "ಇವಳು ಅಕ್ಕ" ಎಂದರೆ "ಯಾರಿಗೆ?" ಎಂದು ಕೇಳದೆ ಅರ್ಥವಾಗದು. ಅವಳು ಒಬ್ಬಳಿಗೆ ಅಕ್ಕನೂ ಮತ್ತೊಬ್ಬಳಿಗೆ ತಂಗಿಯೂ ಆಗಿರಬಹುದು. ಇದರಲ್ಲಿ ವಿರೋಧವೇನೂ ಇಲ್ಲ. ಆದರೆ ಅವಳು ಯಾರಿಗೆ ಅಕ್ಕ ಎಂಬುದು ಯಾರ ಇಷ್ಟವನ್ನೂ ಅನುಸರಿಸಿ ನಿಶ್ಚಯವಾಗುವುದಿಲ್ಲ. ಹುಟ್ಟಿದ ದಿನಗಳು ಅದನ್ನು ನಿಶ್ಚಯಿಸಿಬಿಟ್ಟಿವೆ. ಸಾಪೇಕ್ಷವೆಂದರೆ "ಮತ್ತೊಂದನ್ನು ಅಪೇಕ್ಷಿಸುವುದು" ಎಂದರ್ಥವೇ ಹೊರತು "ಮನಬಂದಂತೆ" ಎಂದರ್ಥವಲ್ಲ. ಎರಡನೆಯ ಬಗೆಯ ಪೋಷಕರ ಚಿಂತೆಗೆ ಇಷ್ಟರಿಂದಲೇ ಅರ್ಧ ಸಮಾಧಾನವಾಗಬಹುದು. ಉಳಿದ ಅರ್ಧಕ್ಕೆ ಸ್ವಲ್ಪ ಹಿಂದಿನ ಕಾಲಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ಈ ವಿಚಾರವು ಬಹು ಹಳೆಯದು. ಕ್ರಿ. ಶ. ೪೯೯ರ ಸುಮಾರಿಗೆ, ಇನ್ನೂ ೨೩ ವರ್ಷದ ತರುಣನಾಗಿದ್ದ ಆರ್ಯಭಟನು ತನ್ನ ಆರ್ಯಭಟೀಯದಲ್ಲಿ ದೋಣಿಯ ಉಪಮಾನವನ್ನು ಕೊಟ್ಟಿರುವನು. ಮುಂದಕ್ಕೆ ಹೋಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮೇಲೆ ಕದಲದೆ ನಿಂತ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವುವಷ್ಟೆ. ಹಾಗೆಯೇ ಸ್ಥಿರವಾದ ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವಂತೆ ನಮಗೆ ಕಾಣುತ್ತವೆ ಎಂಬುದು ಅದರ ತಾತ್ಪರ್ಯ. ಅಂದರೆ ತಿರುಗುವುದು ಭೂಮಿ.

ಈ ಮಾತನ್ನು ಅನಂತರದ ಪಂಡಿತರು ಒಪ್ಪಲಿಲ್ಲ. ಭೂಮಿಯು ತಿರುಗುವುದಾದರೆ ಗೂಡಿನಿಂದ ಹಾರಿದ ಗಿಡುಗವೇ ಮೊದಲಾದ ಹಕ್ಕಿಗಳು ಮತ್ತೆ ಗೂಡನ್ನು ಸೇರುವುದು ಹೇಗೆಂದು ಆರನೆಯ ಶತಮಾನದ ವರಾಹಮಿಹಿರನು ಕೇಳಿದನು. ಎತ್ತರವಾದ ವಸ್ತುಗಳು ಉರುಳಿ ಬೀಳದಿರುವುದೇಕೆಂದು ಬ್ರಹ್ಮಗುಪ್ತನು ೬೨೮ರಲ್ಲಿ ಬರೆದ ತನ್ನ ಗ್ರಂಥದಲ್ಲಿ ಕೇಳಿದನು. ಇವರಿಗೂ ಮುಂಚೆ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿಯೂ ಮೋಡಗಳನ್ನೂ ಹಾರುವ ವಸ್ತುಗಳನ್ನೂ ಹಿಡಿದು ಇಂತಹದೇ ಆಕ್ಷೇಪಣೆಯನ್ನು ಎತ್ತಿದ್ದನು. ಇವರನ್ನು ಅಜ್ಞಾನಿಗಳೆಂದು ನಗುವ ಹುಡುಗಿಯರನ್ನು ನಾವು ತರಗತಿಯಲ್ಲಿ ತಡೆಯುತ್ತೇವೆ. ಲೆಕ್ಕ ಮಾಡಿ ನೋಡಿರಿ. ಬೆಂಗಳೂರಿನಲ್ಲಿ ನೆಲವು ಭೂಮಿಯ ದೈನಂದಿನ ತಿರುಗುವಿಕೆಯಿಂದ ಪೂರ್ವಕ್ಕೆ ಗಂಟೆಗೆ ಸುಮಾರು ೧೬೩೦ ಕಿಲೋಮೀಟರು ವೇಗದಲ್ಲಿ ಸಾಗುತ್ತಿದೆ. ಗಿಡುಗವೊಂದು ಒಂದೇ ನಿಮಿಷ ಗಾಳಿಯಲ್ಲಿದ್ದರೆ ಅಷ್ಟರಲ್ಲಿ ಅದರ ಗೂಡು ೨೭ ಕಿಲೋಮೀಟರು ದೂರ ಹೋಗಿರಬೇಕು! ಮರಿಗಳ ಗತಿಯೇನು? ಭೂಮಿಯು ತಿರುಗುತ್ತದೆಂದು ಪುಸ್ತಕದಲ್ಲಿ ಓದಿ ಒಪ್ಪಿದವರಿಗಿಂತ, ಈ ಪ್ರಶ್ನೆಯನ್ನು ಕೇಳಿ ಒಪ್ಪದಿದ್ದವರು ಹೆಚ್ಚು ಆಲೋಚಿಸಿದವರೆಂದೇ ಹೇಳಬೇಕು.

ಗಿಡುಗದ ಪ್ರಶ್ನೆಗೆ ತಕ್ಕ ಉತ್ತರವು ದೊರೆಯಲು ಸಾವಿರಕ್ಕೆ ಮೇಲ್ಪಟ್ಟು ವರ್ಷಗಳು ಹಿಡಿದವು. ಇಟಲಿಯ ಗೆಲಿಲಿಯೋ ೧೬೩೨ರಲ್ಲಿ ಪ್ರಕಟಿಸಿದ, ಸಂಭಾಷಣೆಯ ರೂಪದ ಗ್ರಂಥದಲ್ಲಿ ಅದಿದೆ. ಪಂಡಿತರ ಲ್ಯಾಟಿನ್ ಭಾಷೆಯನ್ನು ಬಿಟ್ಟು ಜನರಾಡುವ ಇಟಾಲಿಯನ್ ಭಾಷೆಯಲ್ಲಿ ಆತನು ಅದನ್ನು ಬರೆದನು. ಅದರಲ್ಲಿ ಆತನು ಓದುಗರನ್ನು ಒಂದು ದೊಡ್ಡ ಹಡಗಿನ ಕೆಳ ಅಂತಸ್ತಿನ ಕೋಣೆಯೊಳಕ್ಕೆ ಕರೆದುಕೊಂಡು ಹೋಗುತ್ತಾನೆ. ಹೊರಗಿನದೇನೂ ಅಲ್ಲಿಂದ ಕಾಣದು. ಕೋಣೆಯಲ್ಲಿ ಕೆಲವು ನೊಣಗಳನ್ನೂ ಚಿಟ್ಟೆಗಳನ್ನೂ ಬಿಟ್ಟಿದೆ. ನೀರಿನ ಪಾತ್ರೆಯಲ್ಲಿ ಮೀನುಗಳಿವೆ. ಮೇಲೆ ತೂಗುಹಾಕಿದ ಸೀಸೆಯಿಂದ ನೀರು ತೊಟ್ಟುತೊಟ್ಟಾಗಿ ಕೆಳಗಿನ ಕಿರಿಬಾಯಿಯ ಪಾತ್ರೆಗೆ ಬೀಳುತ್ತಿದೆ. ಹಡಗು ನಿಂತಿರುವಾಗ ಇವೆಲ್ಲವನ್ನೂ ಚೆನ್ನಾಗಿ ಗಮನಿಸಬೇಕು. ಚಿಟ್ಟೆಗಳು ಎಲ್ಲ ಕಡೆಗೂ ಒಂದೇ ಸಮನಾಗಿ ಹಾರುತ್ತವೆ. ಮೀನುಗಳು ಬೇಕಾದ ಕಡೆಗೆ ಈಜುತ್ತವೆ. ತೊಟ್ಟುಗಳು ನೇರವಾಗಿ ಪಾತ್ರೆಯ ಬಾಯೊಳಗೆ ಬೀಳುತ್ತವೆ. ಸ್ನೇಹಿತನ ಕಡೆಗೆ ಏನನ್ನಾದರೂ ಎಸೆಯಲು ಯಾವ ದಿಕ್ಕಿಗಾದರೂ ಒಂದೇ ಬಲವು ಸಾಕಾಗುತ್ತದೆ. ಇನ್ನು ಹಡಗು ಹೊರಡಲಿ. ಎಷ್ಟೇ ವೇಗವಾಗಿ ಹೋಗಲಿ, ಅತ್ತಿತ್ತ ತುಯ್ದಾಡದೆ ಒಂದೇ ಸಮನಾಗಿ ಹೋದರೆ ಸಾಕು. ಕೋಣೆಯೊಳಗೆ ಎಳ್ಳಷ್ಟೂ ವ್ಯತ್ಯಾಸವು ಕಾಣದು. ಚಿಟ್ಟೆಗಳು ಹಿಂದಿನ ಗೋಡೆಗೆ ಹೋಗಿ ರಾಶಿ ಬೀಳುವುದಿಲ್ಲ. ತೊಟ್ಟುಗಳು ಹಿಂದೆ ಬೀಳುವುದಿಲ್ಲ. ಧೂಪವನ್ನು ಹಾಕಿದರೆ ಹೊಗೆಯು ನೆಟ್ಟಗೆ ಮೇಲೇಳುತ್ತದೆ. ಒಳಗಿನ ಯಾವ ಪ್ರಯೋಗದಿಂದಲೂ ಹಡಗು ನಿಂತಿದೆಯೋ ಹೋಗುತ್ತಿದೆಯೋ ಎಂದು ಹೇಳಲಾಗದು.

ಕಾರಣವೇನೆಂದರೆ, ತೊಟ್ಟು ಸೀಸೆಯನ್ನು ಬಿಡುವ ಮುಂಚೆಯೇ ಹಡಗಿನ ವೇಗವನ್ನು ಪಡೆದಿತ್ತು. ಬಿಟ್ಟ ಮಾತ್ರಕ್ಕೆ ಅದನ್ನು ಕಳೆದುಕೊಳ್ಳಲಿಲ್ಲ. ತನ್ನ ವೇಗವನ್ನು ತಾನೇ ಬಿಟ್ಟುಕೊಡದಿರುವುದು ವಸ್ತುವಿನ ಗುಣ. ಅದಕ್ಕೆ ಜಡತ್ವವೆಂದು ಹೆಸರು. ವರಾಹಮಿಹಿರನ ಗಿಡುಗವೂ ಹಾಗೆಯೇ. ಗೂಡಿನಲ್ಲಿ ಕುಳಿತಿದ್ದಾಗಲೇ ಅದಕ್ಕೆ ಭೂಮಿಯ ಆ ವೇಗವಿತ್ತು. ಅದರ ಸುತ್ತಣ ಗಾಳಿಗೂ ಇತ್ತು. ಹಾರುವಾಗ ಅದು ತನ್ನ ರೆಕ್ಕೆಗಳ ಬಲದಿಂದ ಸಂಪಾದಿಸುವುದು, ಗೂಡಿಗೂ ತನಗೂ ಸಮಾನವಾದ ಆ ವೇಗದ ಮೇಲಿನ ಸಣ್ಣ ಹೆಚ್ಚುಕಡಿಮೆಯನ್ನು ಮಾತ್ರ.

ಇದನ್ನು ಮಾಡಿ ನೋಡಿದವರೂ ಇದ್ದಾರೆ. ಫ್ರಾನ್ಸಿನ ಪಾದ್ರಿಯಾಗಿದ್ದ ಪಿಯೆರ್ ಗಾಸೆಂಡಿ ಎಂಬವರು ೧೬೪೦ರಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಹುಟ್ಟುಹಾಕುವ ದೊಡ್ಡ ನಾವೆಯೊಂದನ್ನು ವೇಗವಾಗಿ ಓಡಿಸಿ, ಅದರ ಕೂವೆಯ ತುದಿಯಿಂದ ಕಲ್ಲುಗಳನ್ನು ಬಿಡಿಸಿದರು. ಕೂವೆಯು ೨೦ ಮೀಟರು ಎತ್ತರವಿದ್ದರೆ ಕಲ್ಲು ಬೀಳಲು ಸುಮಾರು ಎರಡು ಸೆಕೆಂಡುಗಳು ಬೇಕು. ನಾವೆಯು ಸೆಕೆಂಡಿಗೆ ೫ ಮೀಟರು ಹೋಗುತ್ತಿದ್ದರೆ, ಹಳೆಯ ಮತದ ಪ್ರಕಾರ ಕಲ್ಲು ೧೦ ಮೀಟರು ಹಿಂದೆ ಬೀಳಬೇಕಾಗಿತ್ತು. ಗಾಸೆಂಡಿಯವರ ಕಲ್ಲುಗಳು ಕೂವೆಯ ಬುಡದಲ್ಲಿಯೇ ಬಿದ್ದವು. ದಡದಲ್ಲಿ ನಿಂತವನಿಗೆ ಆ ಕಲ್ಲು ಬಾಗಿದ ದಾರಿಯಲ್ಲಿ ಮುಂದಕ್ಕೆ ಹೋಗಿ ಬಿದ್ದಂತೆಯೂ ನಾವೆಯವರಿಗೆ ನೆಟ್ಟಗೆ ಬಿದ್ದಂತೆಯೂ ಕಾಣುವುದು. ಬಿದ್ದ ಜಾಗದ ವಿಷಯದಲ್ಲಿ ಇಬ್ಬರಿಗೂ ಜಗಳವಿಲ್ಲ. ನಮ್ಮ ಹುಡುಗಿಯರು ಪ್ರವಾಸಕ್ಕೆ ಹೋಗುವಾಗ ರೈಲಿನಲ್ಲಿ ನಿಂಬೆಹಣ್ಣನ್ನು ನೆಟ್ಟಗೆ ಮೇಲಕ್ಕೆ ಎಸೆದು ಹಿಡಿಯುವುದುಂಟು. ಪಕ್ಕದ ಪ್ರಯಾಣಿಕರಿಗೆ ಅದು ಬರಿಯ ಹುಡುಗಾಟವೆಂದು ಕಾಣುವುದು. ಆದರೆ ಗಾಸೆಂಡಿಯವರ ಪ್ರಯೋಗವೇ ಅದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೇಲಿನ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಹಡಗು "ಒಂದೇ ಸಮನಾಗಿ" ಹೋಗಬೇಕೆಂದು ಗೆಲಿಲಿಯೋ ಹೇಳಿದುದು ಸುಮ್ಮನೆ ಅಲ್ಲ. ವೇಗವೂ ದಿಕ್ಕೂ ಬದಲಾಗದೆ ಸಾಗುವ ನೆಲೆಗಳೆಲ್ಲವೂ ಒಂದಕ್ಕೊಂದು ಸಮಾನ. ಅವುಗಳಲ್ಲಿ ಯಾವುದೊಂದೂ "ನಾನೇ ನಿಜವಾಗಿ ನಿಂತಿರುವುದು" ಎಂದು ಹೇಳಿಕೊಳ್ಳುವ ಹಕ್ಕನ್ನು ಪಡೆದಿಲ್ಲ. ಆದರೆ ವೇಗವನ್ನೋ ದಿಕ್ಕನ್ನೋ ಬದಲಾಯಿಸುವ ನೆಲೆಯು ತನ್ನ ಗುಟ್ಟನ್ನು ತಾನೇ ಹೊರಗೆಡಹುತ್ತದೆ. ಬಸ್ಸು ಥಟ್ಟನೆ ನಿಂತಾಗ, ನಿಂತಿದ್ದವರು ಮುಂದಕ್ಕೆ ಮುಗ್ಗರಿಸುತ್ತಾರೆ. ತಿರುವಿನಲ್ಲಿ ಹೊರಗಡೆಗೆ ವಾಲುತ್ತಾರೆ. ಕಣ್ಣು ಮುಚ್ಚಿಕೊಂಡಿದ್ದರೂ ತಿಳಿಯುತ್ತದೆ. ಮಜ್ಜಿಗೆಯನ್ನು ಒಂದೇ ಕಡೆಗೆ ಜೋರಾಗಿ ತಿರುಗಿಸಿ ಕಡೆಗೋಲನ್ನು ಎತ್ತಿಬಿಟ್ಟರೆ ಅದು ನಡುವೆ ಕುಳಿಬಿದ್ದು ಗಡಿಗೆಯ ಅಂಚಿನಲ್ಲಿ ಮೇಲೇರುತ್ತದೆ. ಆ ಕುಳಿಯು ಅಡಿಗೆಮನೆಯಲ್ಲಿ ಯಾರು ಎಲ್ಲಿ ನಿಂತು ನೋಡಿದರೂ ಇದ್ದೇ ಇರುತ್ತದೆ. ೧೬೮೭ರಲ್ಲಿ ನ್ಯೂಟನ್ ತನ್ನ ಮಹಾಗ್ರಂಥದಲ್ಲಿ ತಿರುಗುವ ಬಕೆಟ್ಟಿನ ನೀರನ್ನು ಹಿಡಿದು ಇದೇ ಸಂಗತಿಯನ್ನು ಚರ್ಚಿಸಿರುವನು.

ಹಾಗಾದರೆ ಭೂಮಿಯು ತಿರುಗುತ್ತಿದ್ದರೆ ಅದರ ಗುಟ್ಟೂ ಎಲ್ಲಿಯಾದರೂ ಹೊರಬೀಳಲೇಬೇಕು. ಅದು ಹೊರಬಿದ್ದುದು ೧೮೫೧ರಲ್ಲಿ. ಪ್ಯಾರಿಸ್ಸಿನಲ್ಲಿ, ಮೊದಲು ಸಂತ ಜೆನೆವೀವಳ ದೇವಾಲಯವಾಗಿ ಕಟ್ಟಿದ್ದ ಪಾಂಥೆಯೋನ್ ಕಟ್ಟಡದ ಗುಮ್ಮಟದಿಂದ ಲೆಯೋನ್ ಫುಕೋ ಎಂಬವರು ೬೭ ಮೀಟರು ಉದ್ದದ ತಂತಿಯಲ್ಲಿ ೨೮ ಕಿಲೋಗ್ರಾಮು ತೂಕದ ಗುಂಡನ್ನು ತೂಗುಬಿಟ್ಟು ಆಡಿಸಿದರು. ಅದು ಆಡುವ ದಿಕ್ಕು ಗಂಟೆಗಂಟೆಗೂ ಸ್ವಲ್ಪಸ್ವಲ್ಪವಾಗಿ ತಿರುಗುತ್ತ, ಸುಮಾರು ೩೨ ಗಂಟೆಗಳಲ್ಲಿ ಒಂದು ಸುತ್ತನ್ನು ಮುಗಿಸುವಂತೆ ಸಾಗಿತು. ಗುಂಡಿಗೆ ಪಕ್ಕದಿಂದ ಯಾರೂ ಕೈಹಾಕಲಿಲ್ಲ. ಅದರ ಕೆಳಗೆ ನೆಲವೇ ತಿರುಗುತ್ತಿತ್ತು. ಧ್ರುವದಲ್ಲಿ ಇಂತಹ ಲೋಲಕವು ಒಂದು ದಿವಸದಲ್ಲಿ ಸುತ್ತು ಬರುವುದು. ಭೂಮಧ್ಯರೇಖೆಯಲ್ಲಿ ತಿರುಗುವುದೇ ಇಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ಸುತ್ತು ಬರಲು ಸುಮಾರು ನಾಲ್ಕೂವರೆ ದಿವಸಗಳು ಬೇಕು. ಈ ಪ್ರಯೋಗಕ್ಕೆ ಆಕಾಶವನ್ನು ನೋಡಬೇಕಾಗಿಯೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮೋಡಗಳು ಎಂದೆಂದಿಗೂ ಸೂರ್ಯನಕ್ಷತ್ರಗಳನ್ನು ಮುಚ್ಚಿದ್ದರೂ, ಕೋಣೆಯೊಳಗಿನ ಲೋಲಕವೊಂದರಿಂದಲೇ ಭೂಮಿಯು ತಿರುಗುತ್ತದೆಂದು ಮನುಷ್ಯನು ತಿಳಿಯಬಹುದಾಗಿತ್ತು.

ಭೂಮಿಯ ವಾರ್ಷಿಕ ಚಲನೆಗೂ ಸಾಕ್ಷ್ಯವುಂಟು. ಮಳೆಯು ನೆಟ್ಟಗೆ ಸುರಿಯುವಾಗಲೂ ಬೇಗಬೇಗ ನಡೆಯುವವರು ಕೊಡೆಯನ್ನು ಮುಂದಕ್ಕೆ ಬಾಗಿಸಬೇಕಾಗುವುದಷ್ಟೆ. ನಡೆಯುವವರ ನೆಲೆಯಿಂದ ಮಳೆಯು ಓರೆಯಾಗಿಯೇ ಬರುತ್ತದೆ. ನಕ್ಷತ್ರದ ಬೆಳಕೂ ಒಂದು ಮಳೆಯೇ. ಭೂಮಿಯು ಸೆಕೆಂಡಿಗೆ ೩೦ ಕಿಲೋಮೀಟರು ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದ್ದರೆ, ದೂರದರ್ಶಕವನ್ನೂ ಕೊಡೆಯಂತೆ ಕಿಂಚಿತ್ ಬಾಗಿಸಬೇಕು. ಆರು ತಿಂಗಳ ಮೇಲೆ ಎದುರು ದಿಕ್ಕಿಗೆ ಬಾಗಿಸಬೇಕು. ಇಂಗ್ಲೆಂಡಿನ ಜೇಮ್ಸ್ ಬ್ರಾಡ್ಲಿ ಎಂಬವರು ಈ ಬಾಗನ್ನು ನಿಜವಾಗಿ ಕಂಡು ೧೭೨೮ರಲ್ಲಿ ವಿವರಿಸಿದರು. ಒಂದು ಡಿಗ್ರಿಯ ೩೬೦೦ ಭಾಗಗಳಲ್ಲಿ ಇಪ್ಪತ್ತು ಭಾಗಗಳಷ್ಟು ಮಾತ್ರ ಅದು. ಥೇಮ್ಸ್ ನದಿಯಲ್ಲಿ ದೋಣಿಯು ತಿರುಗಿದಾಗಲೆಲ್ಲ ಅದರ ಮೇಲಿನ ಗಾಳಿಪಟ್ಟಿಯೂ ದಿಕ್ಕನ್ನು ಬದಲಾಯಿಸುವುದನ್ನು ನೋಡಿ ಅವರಿಗೆ ಇದರ ಅರ್ಥವು ಹೊಳೆಯಿತೆಂದು ಹೇಳುತ್ತಾರೆ. ಬ್ರಾಡ್ಲಿಯವರೂ ಮೊದಲು ಸಭಾಪಾಲಕರಾಗಿದ್ದವರೇ.

ಈಗ ಪೋಷಕರ ಪ್ರಶ್ನೆಗೆ ನೇರವಾಗಿ ಬರೋಣ. "ಭೂಮಿಯ ಮೇಲಿನಿಂದ ನೋಡಿದರೆ ಸೂರ್ಯನು ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುವನು" ಎಂದು ಬರೆದ ಹುಡುಗಿಗೆ ನಾವು ಪೂರ್ಣ ಅಂಕಗಳನ್ನು ಕೊಡುತ್ತೇವೆ. ಅದು ಭ್ರಮೆಯಲ್ಲ, ನೆಲೆಯನ್ನು ಹೆಸರಿಸಿ ಹೇಳಿದ ನಿಜ. ಪಂಚಾಂಗವೂ ಹವಾಮಾನದ ಕಚೇರಿಯೂ ಸೂರ್ಯೋದಯವೆಂದೇ ಅಚ್ಚುಹಾಕುತ್ತವೆ. "ಭೂಮಿಯು ಕದಲುವುದೇ ಇಲ್ಲ, ಆದ್ದರಿಂದ ಹಗಲಿರುಳುಗಳು ಸೂರ್ಯನ ಓಟದಿಂದ ಆಗುತ್ತವೆ" ಎಂದು ಬರೆದವಳಿಗೆ ಅಂಕವಿಲ್ಲ. ತಿರುಗುವ ನೆಲೆಯೂ ತಿರುಗದ ನೆಲೆಯೂ ಸಮಾನವಲ್ಲ; ಫುಕೋ ಅವರ ಗುಂಡು ಇವುಗಳಲ್ಲಿ ಯಾವುದು ಯಾವುದೆಂದು ತೋರಿಸಿಕೊಡುತ್ತದೆ. ಇನ್ನು ವರ್ಷದ ಸುತ್ತಿನ ವಿಷಯ: ಇಬ್ಬರನ್ನೇ ಎಣಿಸಿದರೆ, ಭೂಮಿಯೂ ಸೂರ್ಯನೂ ತಮ್ಮಿಬ್ಬರ ಭಾರಕೇಂದ್ರವನ್ನು ಸುತ್ತುತ್ತಾರೆ. ಆದರೆ ಸೂರ್ಯನು ಭೂಮಿಗಿಂತ ಸುಮಾರು ೩,೩೩,೦೦೦ ಪಾಲು ಭಾರವುಳ್ಳವನಾದುದರಿಂದ ಆ ಕೇಂದ್ರವು ಸೂರ್ಯನ ನಡುವಿನಿಂದ ಸುಮಾರು ೪೫೦ ಕಿಲೋಮೀಟರು ದೂರದಲ್ಲಿ, ಅಂದರೆ ಸೂರ್ಯನ ಒಡಲಿನೊಳಗೇ, ಬಹಳ ಆಳದಲ್ಲಿ ಇದೆ. ಭೂಮಿಯು ಸೂರ್ಯನನ್ನು ಸುತ್ತುತ್ತದೆಂದು ನಾವು ಹೇಳುವುದು ಇದಕ್ಕಾಗಿ. ೧೯೧೫ರಲ್ಲಿ ಐನ್‌ಸ್ಟೈನ್ ಅವರು, ತಿರುಗುವ ನೆಲೆಯಲ್ಲಿ ನಿಂತೂ ಪ್ರಕೃತಿಯ ನಿಯಮಗಳನ್ನು ಬರೆಯಬಹುದೆಂದು ತೋರಿಸಿದರೆಂಬುದು ನಿಜ. ಆದರೆ ಹಾಗೆ ಬರೆದ ಮಾತ್ರಕ್ಕೆ ಲೋಲಕದ ತಿರುವು ಮಾಯವಾಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಲೇಬೇಕು.

ಸತ್ಯವೇದದ ವಿಷಯದಲ್ಲಿ ಅಂಜುವವರಿಗೆ ಒಂದು ಹಳೆಯ ಸಂಗತಿಯನ್ನು ತಿಳಿಸೋಣ. ೧೬೧೩ರ ದಶಂಬರದಲ್ಲಿ ಪೀಸಾ ನಗರದಲ್ಲಿ ಟಸ್ಕನಿಯ ರಾಜಮಾತೆ ಕ್ರಿಸ್ಟೀನಾ ಎಂಬಾಕೆಯು ತನ್ನ ಮನೆಯ ಊಟಕ್ಕೆ ಬಂದಿದ್ದ ಬೆನೆಡಿಟ್ಟೊ ಕಾಸ್ಟೆಲ್ಲಿ ಎಂಬ ಸನ್ಯಾಸಿಯನ್ನು, ಭೂಮಿಯು ಚಲಿಸುತ್ತದೆಂಬುದು ದೇವರ ವಾಕ್ಯಕ್ಕೆ ವಿರೋಧವಲ್ಲವೇ ಎಂದು ಕೇಳಿದಳು. ಕಾಸ್ಟೆಲ್ಲಿಯು ಗೆಲಿಲಿಯೋನ ಶಿಷ್ಯ. ಗಿಬ್ಯೋನಿನ ಯುದ್ಧದಲ್ಲಿ ಯೆಹೋಶುವನು ಸೂರ್ಯನಿಗೆ ನಿಲ್ಲೆಂದು ಹೇಳಿದ ಪ್ರಸಂಗವೇ ಇಂತಹ ವಾದಗಳಿಗೆಲ್ಲ ಆಧಾರವಾಗಿತ್ತು. ಗೆಲಿಲಿಯೋ ಶಿಷ್ಯನಿಗೆ ಒಂದು ಕಾಗದವನ್ನೂ, ೧೬೧೫ರಲ್ಲಿ ಆ ರಾಜಮಾತೆಗೇ ಒಂದು ದೀರ್ಘವಾದ ಪತ್ರವನ್ನೂ ಬರೆದನು. ಧರ್ಮಗ್ರಂಥವು ಸಾಮಾನ್ಯ ಜನರ ಮಾತಿನ ರೂಢಿಗೆ ಒಗ್ಗುವಂತೆ ನುಡಿಯುತ್ತದೆ, ಖಗೋಳವನ್ನು ಕಲಿಸುವುದು ಅದರ ಉದ್ದೇಶವಲ್ಲ ಎಂಬುದು ಅದರ ಮುಖ್ಯ ವಾದ. ರಣರಂಗದಲ್ಲಿ ನಿಂತ ಯೆಹೋಶುವನ ನೆಲೆಯು ಭೂಮಿ. ಆ ನೆಲೆಯಿಂದ ಅವನು ಬೇರೆ ಹೇಗೆ ಮಾತನಾಡಬಹುದಾಗಿತ್ತು? ಗೆಲಿಲಿಯೋಗೆ ೧೬೩೩ರಲ್ಲಿ ಶಿಕ್ಷೆಯಾಯಿತು. ೧೬೪೨ರಲ್ಲಿ ತೀರಿಕೊಳ್ಳುವವರೆಗೂ ಆತನು ಮನೆಯ ಸೆರೆಯಲ್ಲಿಯೇ ಇದ್ದನು. ಆತನನ್ನು ಶಿಕ್ಷಿಸಿದವರು ತಪ್ಪಿದರೆಂದು ಎರಡನೆಯ ಜಾನ್ ಪಾಲ್ ಪೋಪರು ೧೯೯೨ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ರೋಮಿನವರನ್ನು ಮಾತ್ರ ದೂರುವುದೂ ಸಲ್ಲದು: ಮಾರ್ಟಿನ್ ಲೂಥರನು ಊಟದ ಹೊತ್ತಿನಲ್ಲಿ ಆಡಿದನೆಂದು ಶಿಷ್ಯರು ಬರೆದಿಟ್ಟ ಮಾತುಗಳಲ್ಲಿಯೂ ಭೂಮಿಯ ಚಲನೆಗೆ ವಿರುದ್ಧವಾಗಿ ಯೆಹೋಶುವನ ಹೆಸರು ಬಂದಿದೆ.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಮೇಲಿನ ತರಗತಿಯ ಹುಡುಗಿಯರು "ಐನ್‌ಸ್ಟೈನ್ ಎಲ್ಲವನ್ನೂ ಸಾಪೇಕ್ಷ ಮಾಡಿದರು" ಎಂದು ಮನೆಯಲ್ಲಿ ಹೇಳುವುದುಂಟಾದುದರಿಂದ ಇನ್ನೂ ಸ್ವಲ್ಪ ಬರೆಯಬೇಕಾಗಿದೆ.

ರೈಲಿನಲ್ಲಿ ನಡೆಯುವವನ ವೇಗಕ್ಕೆ ಗಾಡಿಯ ವೇಗವು ಕೂಡುವಂತೆ, ಬೆಳಕಿನ ವೇಗಕ್ಕೂ ಭೂಮಿಯ ವೇಗವು ಕೂಡಬೇಕೋ ಕಳೆಯಬೇಕೋ ಎಂದು ಮೈಕೆಲ್ಸನ್ ಮತ್ತು ಮಾರ್ಲಿ ಎಂಬಿಬ್ಬರು ೧೮೮೭ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಬಹು ಸೂಕ್ಷ್ಮವಾಗಿ ಪರೀಕ್ಷಿಸಿದರು. ನಿರೀಕ್ಷಿಸಿದ ವ್ಯತ್ಯಾಸವು ಸಿಕ್ಕಲಿಲ್ಲ. ೧೯೦೫ರಲ್ಲಿ, ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಉದ್ಯೋಗದಲ್ಲಿದ್ದ ೨೬ ವರ್ಷದ ಐನ್‌ಸ್ಟೈನ್ ಅವರು ಎರಡು ಮಾತುಗಳನ್ನು ಆಧಾರವಾಗಿ ಹಿಡಿದರು: ಒಂದೇ ಸಮನಾಗಿ ಸಾಗುವ ನೆಲೆಗಳೆಲ್ಲದರಲ್ಲಿಯೂ ಪ್ರಕೃತಿಯ ನಿಯಮಗಳು ಒಂದೇ, ಶೂನ್ಯದಲ್ಲಿ ಬೆಳಕಿನ ವೇಗವು ಅವುಗಳೆಲ್ಲದರಿಂದ ಅಳೆದರೂ ಒಂದೇ, ಸೆಕೆಂಡಿಗೆ ಸುಮಾರು ೩,೦೦,೦೦೦ ಕಿಲೋಮೀಟರು. ಮೊದಲನೆಯದು ಗೆಲಿಲಿಯೋನ ಹಡಗೇ, ಆದರೆ ಚಿಟ್ಟೆಮೀನುಗಳ ಜೊತೆಗೆ ಈಗ ಬೆಳಕೂ ಹಡಗನ್ನೇರಿದೆ. ಆ ಲೇಖನದ ಶೀರ್ಷಿಕೆಯಲ್ಲಿ "ಸಾಪೇಕ್ಷ" ಎಂಬ ಮಾತೇ ಇಲ್ಲವೆಂಬುದು ಸ್ವಾರಸ್ಯ. ಎರಡು ಮಾತುಗಳೂ ಬದಲಾಗದಿರುವುದನ್ನು ಕುರಿತವುಗಳೇ. ಬದಲಾಗುವವು ಅವುಗಳ ಫಲವಾಗಿ ಬಂದವು. ಕಾಲ, ಉದ್ದ, "ಏಕಕಾಲದಲ್ಲಿ" ಎಂಬ ಭಾವನೆ, ಇವು ನೆಲೆಯಿಂದ ನೆಲೆಗೆ ಬೇರೆಯಾಗುತ್ತವೆ. ಕಾರಣಕ್ಕಿಂತ ಮೊದಲು ಕಾರ್ಯವು ಯಾವ ನೆಲೆಯಿಂದಲೂ ಕಾಣದು.

ಏನು ಬದಲಾಗದೆ ಉಳಿಯುತ್ತದೆಂಬ ಈ ವಿಚಾರವನ್ನು ಅತ್ಯಂತ ಆಳವಾಗಿ ಕಂಡವರು ಒಬ್ಬ ಮಹಿಳೆ. ಜರ್ಮನಿಯ ಎಮ್ಮಿ ನೋಥರ್ ಅವರನ್ನು ಹಿಲ್ಬರ್ಟ್ ಮತ್ತು ಕ್ಲೈನ್ ಎಂಬ ಗಣಿತಜ್ಞರು ೧೯೧೫ರಲ್ಲಿ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಬರಮಾಡಿಕೊಂಡರು. ಪ್ರಕೃತಿಯ ನಿಯಮಗಳು ಇಂದಿಗೂ ನಾಳೆಗೂ ಒಂದೇ ಆಗಿರುವುದರಿಂದಲೇ ಶಕ್ತಿಯು ನಾಶವಾಗದು, ಇಲ್ಲಿಗೂ ಅಲ್ಲಿಗೂ ಒಂದೇ ಆಗಿರುವುದರಿಂದಲೇ ಒಟ್ಟು ಸಂವೇಗವು ಕುಂದದು ಎಂಬ ಸಂಬಂಧವು ಅವರು ೧೯೧೮ರಲ್ಲಿ ಪ್ರಕಟಿಸಿದ ಪ್ರಮೇಯದಿಂದ ಹೊರಡುತ್ತದೆ. ಸ್ತ್ರೀಯೆಂಬ ಕಾರಣದಿಂದ ೧೯೧೯ರವರೆಗೆ ಅವರಿಗೆ ತಮ್ಮ ಹೆಸರಿನಲ್ಲಿ ಉಪನ್ಯಾಸ ಮಾಡುವ ಅಧಿಕಾರವಿರಲಿಲ್ಲ. ಹಿಲ್ಬರ್ಟರ ಹೆಸರಿನಲ್ಲಿ ಪ್ರಕಟಣೆ ಹೊರಡಿಸಿ ಇವರು ಪಾಠ ಹೇಳುತ್ತಿದ್ದರು. ಯೆಹೂದ್ಯರಾದುದರಿಂದ ೧೯೩೩ರಲ್ಲಿ ದೇಶವನ್ನು ಬಿಡಬೇಕಾಗಿ ಬಂದು, ಅಮೆರಿಕದ ಬ್ರಿನ್ ಮಾರ್ ಮಹಿಳಾ ಕಾಲೇಜಿನಲ್ಲಿ ಕಲಿಸುತ್ತ ೧೯೩೫ರಲ್ಲಿ ತೀರಿಕೊಂಡರು. ಭೌತಶಾಸ್ತ್ರವೂ ಗಣಿತವೂ ಹೆಣ್ಣುಮಕ್ಕಳಿಗೆ ಹೇಳಿದ್ದಲ್ಲವೆಂದು ಮಗಳ ಐಚ್ಛಿಕ ವಿಷಯವನ್ನು ಬದಲಾಯಿಸಲು ಬರುವ ಪೋಷಕರಿಗೆ ನಾವು ಮೊದಲು ಹೇಳುವುದು ಇವರ ಹೆಸರನ್ನು.

ಕಾಲವು ನೆಲೆಯಿಂದ ನೆಲೆಗೆ ಬೇರೆಯಾಗುತ್ತದೆಂಬುದನ್ನು ನಂಬಲು ಕಷ್ಟಪಡುವವರಿಗೆ ಕೊನೆಯದಾಗಿ ಒಂದು ಉದಾಹರಣೆ. ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲವನ್ನು ಹೊಡೆದಾಗ, ಸುಮಾರು ೧೫ ಕಿಲೋಮೀಟರು ಎತ್ತರದಲ್ಲಿ ಮ್ಯೂಆನ್ ಎಂಬ ಅತಿಸೂಕ್ಷ್ಮ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಸ್ಸು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೨.೨ ಭಾಗ ಮಾತ್ರ. ಅಷ್ಟರಲ್ಲಿ ಬೆಳಕು ಸಹ ೬೬೦ ಮೀಟರು ಹೋಗುವುದು. ಹಾಗಿದ್ದರೆ ನೂರು ಕೋಟಿ ಮ್ಯೂಆನ್‌ಗಳಲ್ಲಿ ಒಂದೂ ನೆಲವನ್ನು ಮುಟ್ಟಬಾರದು. ಆದರೆ ಅವು ಧಾರಾಳವಾಗಿ ಮುಟ್ಟುತ್ತವೆ. ಅಂಗೈಯಗಲದ ಜಾಗವನ್ನು ಸೆಕೆಂಡಿಗೆ ಒಂದೆರಡರಂತೆ ಹಾದುಹೋಗುತ್ತವೆ. ರೊಸ್ಸಿ ಮತ್ತು ಹಾಲ್ ಎಂಬವರು ೧೯೪೧ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಎತ್ತರದ ಸ್ಥಳದಲ್ಲಿಯೂ ತಗ್ಗಿನ ಸ್ಥಳದಲ್ಲಿಯೂ ಇವನ್ನು ಎಣಿಸಿ, ವೇಗವಾಗಿ ಹೋಗುವ ಕಣಗಳು ಹೆಚ್ಚು ಕಾಲ ಬದುಕುವುವೆಂದು ತೋರಿಸಿದರು. ಆಗಿನ ವರ್ಷಗಳಲ್ಲಿಯೇ ಕಲ್ಕತ್ತೆಯ ಬೋಸ್ ಸಂಸ್ಥೆಯ ಬಿಭಾ ಚೌಧುರಿ ಎಂಬ ಮಹಿಳೆಯು ಡಿ. ಎಂ. ಬೋಸ್ ಅವರೊಂದಿಗೆ ಹಿಮಾಲಯದ ಬೆಟ್ಟಗಳಲ್ಲಿ ಛಾಯಾಚಿತ್ರದ ಫಲಕಗಳನ್ನಿಟ್ಟು ಇಂತಹ ಕಣಗಳ ಭಾರವನ್ನು ಅಳೆಯುವ ಕೆಲಸದಲ್ಲಿ ತೊಡಗಿದ್ದರು. ೧೯೫೦ರ ದಶಕದ ಆರಂಭದಲ್ಲಿ ಬಿ. ವಿ. ಶ್ರೀಕಂಠನ್ ಅವರು ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿಳಿದು ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು.

ಬೆಳಕಿನ ವೇಗದಲ್ಲಿ ನೂರಕ್ಕೆ ೯೯.೮ ಪಾಲು ವೇಗವುಳ್ಳ ಮ್ಯೂಆನ್ ಒಂದನ್ನು ತೆಗೆದುಕೊಳ್ಳೋಣ. ನೆಲದ ಮೇಲಿರುವ ನಮ್ಮ ನೆಲೆಯಿಂದ, ಅದರ ಗಡಿಯಾರವು ಸುಮಾರು ಹದಿನಾರು ಪಾಲು ನಿಧಾನವಾಗಿ ನಡೆಯುತ್ತದೆ. ಆದ್ದರಿಂದ ೧೫ ಕಿಲೋಮೀಟರುಗಳನ್ನು ದಾಟುವಷ್ಟು ಕಾಲ ಅದು ಬದುಕಬಲ್ಲುದು. ಮ್ಯೂಆನಿನ ನೆಲೆಯಿಂದ ಅದರ ಗಡಿಯಾರವು ಸರಿಯಾಗಿಯೇ ಇದೆ, ಆಯುಸ್ಸೂ ಹೆಚ್ಚಿಲ್ಲ. ಆದರೆ ಎದುರಿನಿಂದ ಧಾವಿಸಿ ಬರುತ್ತಿರುವ ವಾಯುಮಂಡಲದ ದಪ್ಪವು ಕುಗ್ಗಿ, ಹದಿನೈದು ಕಿಲೋಮೀಟರು ಸುಮಾರು ೯೫೦ ಮೀಟರು ಮಾತ್ರವಾಗಿದೆ. ಆದ್ದರಿಂದ ಆ ಅಲ್ಪಾಯುಸ್ಸಿನಲ್ಲಿಯೇ ದಾಟಲು ಸಾಧ್ಯವಾಗುತ್ತದೆ. ಒಬ್ಬರು ಕಾಲವು ಹಿಗ್ಗಿತೆನ್ನುತ್ತಾರೆ, ಮತ್ತೊಬ್ಬರು ದಾರಿಯು ಕುಗ್ಗಿತೆನ್ನುತ್ತಾರೆ. ಆ ವೇಗದ ಮ್ಯೂಆನ್‌ಗಳಲ್ಲಿ ನಾಲ್ಕಕ್ಕೆ ಸುಮಾರು ಒಂದರಂತೆ ನೆಲವನ್ನು ಮುಟ್ಟುವುವೆಂಬ ಲೆಕ್ಕವು ಎರಡು ನೆಲೆಗಳಿಂದಲೂ ಒಂದೇ ಆಗಿ ಬರುತ್ತದೆ.